ನಾಗಮಂಡಲ: ರಂಗದಿಂದ ತೆರೆಗೆ

ಪ್ರಿಯವಾದ ಕೃತಿಯೊಂದು ಚಲನಚಿತ್ರವಾಗಿ ಬಂದಾಗ, ಅದರ ಅಭಿಮಾನಿಯು ಕಳೆದುಹೋದುದನ್ನೇ ಎಣಿಸುತ್ತ ಕುಳಿತು, ಹೊಸತಾಗಿ ಒದಗಿದುದನ್ನು ಕಾಣದೆ ಹೋಗುವುದು ನ್ಯಾಯವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು ರಚಿಸಿದ ‘ನಾಗಮಂಡಲ’ ನಾಟಕವನ್ನು ಟಿ. ಎಸ್. ನಾಗಾಭರಣರು 1997ರಲ್ಲಿ ತೆರೆಗೆ ತಂದರು.

ಪಾಳುಗುಡಿಯಲ್ಲಿ ಊರ ದೀಪಗಳ ಜ್ಯೋತಿಗಳು ಇರುಳಿನಲ್ಲಿ ನೆರೆದು ತಂತಮ್ಮ ಮನೆಗಳ ಸುದ್ದಿಯಾಡುವ, ಕಥೆಯೇ ಹೆಣ್ಣಾಗಿ ಬಂದು ತನ್ನನ್ನು ನಿರೂಪಿಸಿಕೊಳ್ಳುವ ನಾಟಕದ ಅದ್ಭುತ ಆವರಣವನ್ನು ಚಿತ್ರವು ಬದಿಗಿರಿಸಿ, ನಾಯಕಿ ರಾಣಿಯ ಬಾಳನ್ನೇ ನೇರವಾಗಿ ಹಿಡಿದುದಕ್ಕಾಗಿ ನನಗೆ ಇಂದಿಗೂ ವ್ಯಥೆಯುಂಟು. ಕಥೆಯನ್ನು ಬಚ್ಚಿಡದೆ ಹೇಳುತ್ತಿರಬೇಕೆಂಬ ಕೃತಿಯ ತಿರುಳು ನೆಲಸಿರುವುದು ಆ ಆವರಣದಲ್ಲಿಯೇ.

ಆದರೂ, ಹಗಲಿನಲ್ಲಿ ಬಾಗಿಲಿಗೆ ಬೀಗ ಜಡಿದು ಹೋಗುವ ಕ್ರೂರ ಪತಿಯಾಗಿ, ಇರುಳಿನಲ್ಲಿ ಅದೇ ರೂಪ ತಳೆದ ಅನುರಾಗಿ ನಾಗನಾಗಿ ಪ್ರಕಾಶ ರೈ ಒಂದೇ ಮುಖದಲ್ಲಿ ತೋರಿದ ಭಾವಭೇದವು ತೆರೆಗೆ ಮಾತ್ರ ಸಾಧ್ಯವಾದ ಸಿದ್ಧಿ. ಗೋಪಾಲ ವಾಜಪೇಯಿಯವರ ಸಂಭಾಷಣೆಯಲ್ಲಿ ಉತ್ತರ ಕರ್ನಾಟಕದ ಆಡುನುಡಿಯು ಹಾಸ್ಯದ ಸಾಮಗ್ರಿಯಾಗದೆ, ಪ್ರೇಮ ಶೋಕಗಳ ಗಂಭೀರ ವಾಹನವಾಯಿತು, ಸಿ. ಅಶ್ವತ್ಥರ ಸಂಗೀತವು ಅದಕ್ಕೆ ನಾದದೇಹವನ್ನಿತ್ತಿತು. ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆದು, ಅಳ್ಳು ತಂಬಿಟ್ಟು ಹಂಚಿ, ಜೋಕಾಲಿಯಾಡುವ ಹುನಗುಂದ ಸೀಮೆಯ ಮರೋಳದಂತಹ ಊರುಗಳ ಹೆಣ್ಣುಮಕ್ಕಳಿಗೆ, ನೆತ್ತರಿನಂತೆ ಕೆಂಪೇರಿದ ಸಾರನ್ನು ಬೆದರಿ ಹುತ್ತಕ್ಕೆ ಸುರಿಯುವ ರಾಣಿ ಪರಕೀಯಳಲ್ಲ.

ಆದುದರಿಂದ ಚಿತ್ರವನ್ನು ನೋಡಿದ ತರುಣರು ನಾಟಕವನ್ನೂ ಓದಲಿ. ನಮ್ಮ ಭಾಗದ ಹವ್ಯಾಸಿ ತಂಡಗಳು ಜ್ಯೋತಿಗಳ ಸಭೆಯನ್ನು ಕೈಬಿಡದೆ ಆ ನಾಟಕವನ್ನು ಆಡಲಿ.