ಪಗಾರ ಎಂಬ ಸಮಾಧಾನ

ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿಯುವವರಿರಲಿ, ಲಿಂಗಸುಗೂರಿನ ಶಾಲೆ, ಕಚೇರಿಗಳ ನೌಕರರಿರಲಿ, ತಿಂಗಳು ತುಂಬುತ್ತಲೇ ಒಬ್ಬರನ್ನೊಬ್ಬರು ಕೇಳುವ ಮಾತು ಒಂದೇ: ‘ಪಗಾರ ಆಗ್ಯಾದೇನು?’ ಮೈಸೂರು ಸೀಮೆಯವರು ಸಂಬಳ ಎನ್ನುತ್ತಾರೆ. ಆ ಮಾತಿಗೆ ದಾರಿಬುತ್ತಿ ಎಂಬ ಹಳೆಯ ಅರ್ಥವಿದೆ. ನಮ್ಮ ಪಗಾರದ ಬೇರು ಇರುವುದು ಬಹಳ ದೂರದಲ್ಲಿ, ರೋಮನ್ನರ ಲ್ಯಾಟಿನ್ನಿನಲ್ಲಿ.

ಲ್ಯಾಟಿನ್ನಿನಲ್ಲಿ ಪಾಕ್ಸ್ ಎಂದರೆ ಶಾಂತಿ, ಪಾಕಾರೆ ಎಂದರೆ ಶಾಂತಗೊಳಿಸು. ಕೊಡಬೇಕಾದದ್ದನ್ನು ಕೊಟ್ಟು ಎದುರಿನವನನ್ನು ಸಮಾಧಾನಪಡಿಸುವ ಅರ್ಥ ಅದಕ್ಕೆ ಬಂದದ್ದು ಆಮೇಲೆ. ಇಟಲಿಯವರ ಪಗಾರೆ, ಸ್ಪೇನ್ ಮತ್ತು ಪೋರ್ಚುಗಲ್ಲಿನವರ ಪಗಾರ್, ಫ್ರೆಂಚರ ಪೇಯೇ, ಇಂಗ್ಲಿಷಿನ ಪೇ ಎಲ್ಲವೂ ಅದರ ಸಂತಾನ. ಫ್ರೆಂಚಿನಲ್ಲಂತೂ ಶಾಂತಿಗೂ ಪಗಾರಕ್ಕೂ ಇರುವ ಎರಡು ಪದಗಳ ಕಾಗುಣಿತ ಬೇರೆಯಾದರೂ ಬಾಯಲ್ಲಿ ಎರಡೂ ‘ಪೇ’ ಎಂದೇ ಕೇಳಿಸುತ್ತವೆ. ರುಮೇನಿಯನ್ನರು ಮಾತ್ರ ಹಣ ಸಲ್ಲಿಸುವುದಕ್ಕೆ ಸ್ಲಾವಿಕ್ ಮಾತನ್ನು ತಂದುಕೊಂಡು, ಈ ಬೇರಿನಿಂದ ಹುಟ್ಟಿದ ಅಂಪಕಾ ಎಂಬುದನ್ನು ಜಗಳವಾಡಿದವರನ್ನು ಒಂದುಗೂಡಿಸುವ ಕೆಲಸಕ್ಕೇ ಉಳಿಸಿಕೊಂಡಿದ್ದಾರೆ. ಶಾಂತಗೊಳಿಸುವುದಕ್ಕೆ ಇನ್ನೊಂದು ಮುಖವೂ ಇತ್ತು. ಜೂಲಿಯಸ್ ಸೀಸರ್ ಗಾಲ್ ನಾಡನ್ನು ಕತ್ತಿಯಿಂದ ಬಗ್ಗಿಸಿದ್ದನ್ನು ಹೇಳಲು ಬಳಸಿದ್ದೂ ಪಾಕಾರೆ ಎಂಬ ಈ ಕ್ರಿಯಾಪದವನ್ನೇ.

ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅವರ ಬಾಯಿಂದ ಈ ಮಾತು ಕರಾವಳಿಯ ಭಾಷೆಗಳಿಗೆ ಇಳಿದು, ಮರಾಠಿಯಲ್ಲಿ ನೆಲೆಯಾಗಿ, ಉತ್ತರ ಕರ್ನಾಟಕದ ಕನ್ನಡದಲ್ಲಿ ಬೇರೂರಿತು. ಪೋರ್ಚುಗೀಸಿನಲ್ಲಿ ಕ್ರಿಯಾಪದವಾಗಿದ್ದದ್ದು ನಮ್ಮಲ್ಲಿ ಕೈಗೆ ಬರುವ ಹಣವೇ ಆಯಿತು. ಗೋವೆ ಅವರ ಕೈಸೇರಿದ ಹತ್ತೇ ವರ್ಷಕ್ಕೆ, 1520ರಲ್ಲಿ, ಪೋರ್ಚುಗೀಸ್ ಬಂದೂಕುಗಾರರು ನಮ್ಮ ದೋಆಬಿಗೂ ಬಂದರು. ಕೃಷ್ಣದೇವರಾಯ ರಾಯಚೂರು ಕೋಟೆಯನ್ನು ಮುತ್ತಿದಾಗ ಕ್ರಿಸ್ತೊವಾವ್ ದ ಫಿಗೆರೆದೊ ಎಂಬವನೂ ಅವನ ಜೊತೆಗಾರರೂ ರಾಯನ ಪರವಾಗಿ ಕಾದಿದ್ದನ್ನು ಪ್ರವಾಸಿ ನೂನಿಜ್ ಬರೆದಿಟ್ಟಿದ್ದಾನೆ. ಕೃಷ್ಣಾ, ತುಂಗಭದ್ರೆಗಳ ನಡುವಿನ ಈ ನೆಲಕ್ಕಾಗಿ, ಮುದಗಲ್ಲು, ರಾಯಚೂರು ಕೋಟೆಗಳಿಗಾಗಿ ತಲೆಮಾರುಗಟ್ಟಲೆ ರಕ್ತ ಹರಿದಿದೆ. ಶಾಂತಿಯ ಬೇರಿನ ಮಾತನ್ನಾಡುವವರು ಇಲ್ಲಿ ಕಾಣಿಸಿಕೊಂಡದ್ದು ಯುದ್ಧದಲ್ಲಿ ಎಂಬುದು ನನ್ನನ್ನು ಕಲಕುತ್ತದೆ.

ದುಡಿಮೆ ಮತ್ತು ಸಮಾಧಾನದ ಸಂಬಂಧವನ್ನು ನಮ್ಮ ತಾಲೂಕಿನ ನೆಲವೇ ಹನ್ನೆರಡನೇ ಶತಮಾನದಲ್ಲಿ ಬೇರೆ ಬಗೆಯಲ್ಲಿ ಕಂಡುಕೊಂಡಿತ್ತು. ಗುರುಗುಂಟಾ ಬಳಿಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ತಂದಾಗ, ಇಷ್ಟು ನಮಗೇಕೆ, ಚೆಲ್ಲಿ ಬಾ ಎಂದು ಲಕ್ಕಮ್ಮ ಗಂಡನನ್ನೇ ಹಿಂದಕ್ಕೆ ಕಳಿಸಿದಳು. ಅವಳ ವಚನಗಳ ಅಂಕಿತದಲ್ಲಿ ಇಂದಿಗೂ ನಮ್ಮ ಅಮರೇಶ್ವರನ ಹೆಸರಿದೆ.

ಆದರೆ ಲಕ್ಕಮ್ಮನ ಮಾತನ್ನು ಇಂದು ಯಾರಿಗೆ ಹೇಳಲಾಗುತ್ತಿದೆ ಎಂಬುದನ್ನು ನೋಡಿ. ಸಿಕ್ಕಷ್ಟರಲ್ಲಿ ತೃಪ್ತಿಪಡು ಎಂಬ ಉಪದೇಶ ಯಾವಾಗಲೂ ಇಳಿಯುವುದು ದುಡಿಯುವವರ ಕಡೆಗೇ. ಲಕ್ಕಮ್ಮ ತನ್ನ ಆಸೆಗೆ ತಾನೇ ಗೆರೆ ಎಳೆದುಕೊಂಡವಳು. ಅವಳ ಹೆಸರು ಹೇಳಿ ಇನ್ನೊಬ್ಬರ ಕೂಲಿಗೆ ಗೆರೆ ಎಳೆಯುವ ಹಕ್ಕು ಯಾರಿಗೂ ಇಲ್ಲ. ಪಗಾರ ಎಂಬ ಮಾತಿನ ಚರಿತ್ರೆ ಆ ಹೊಣೆಯನ್ನು ತಿರುಗಿಸಿ ಕೊಡುವವನ ಹೆಗಲಿಗೆ ಏರಿಸುತ್ತದೆ. ಅದರ ಪ್ರಕಾರ ಋಣದಲ್ಲಿರುವವನು ಮಾಲೀಕ, ಸಮಾಧಾನಪಡಿಸಬೇಕಾದವನೂ ಅವನೇ.

ನಮ್ಮಲ್ಲಿ ಪಗಾರ ತಿಂಗಳ ನೌಕರಿಯವರ ಮಾತು. ಸಿಂಧನೂರಿನ ಕಾಲುವೆ ಬಯಲಲ್ಲಿ ಬಗ್ಗಿ ಭತ್ತ ನಾಟಿ ಮಾಡುವ, ಮಸ್ಕಿ ಕಡೆಯ ಎರೆಹೊಲಗಳಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳಿಗೆ ಸಿಗುವುದು ಕೂಲಿ. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ ಹೊರಡುತ್ತದೆ. ಅಲ್ಲಿ ಕಟ್ಟಡದ ಕೆಲಸ ಮುಗಿದರೂ ಮೇಸ್ತ್ರಿಯ ಹತ್ತಿರ ಬಾಕಿ ಉಳಿದ ದುಡ್ಡಿಗಾಗಿ ಫೋನು ಮಾಡಿ ಮಾಡಿ ಸೋತವರು ನಮ್ಮ ಓದುಗರ ಮನೆಗಳಲ್ಲೇ ಇದ್ದಾರೆ. ಕೆಲಸ ಮಾಡಿದ ಹದಿನೈದು ದಿನದೊಳಗೆ ಕೂಲಿ ಕೈಸೇರಬೇಕು, ತಡವಾದರೆ ಪರಿಹಾರ ಕೊಡಬೇಕು ಎಂದು 2005ರ ಉದ್ಯೋಗ ಖಾತ್ರಿ ಕಾಯ್ದೆ ಬರೆದಿತ್ತು. ಅಷ್ಟು ಸರಳವಾದ ಮಾತನ್ನು ಕಾಯ್ದೆಯಲ್ಲಿ ಬರೆಯಬೇಕಾಗಿ ಬಂದದ್ದೇ ನಮ್ಮ ಸಮಾಜದ ಬಗ್ಗೆ ಸಾಕಷ್ಟು ಹೇಳುತ್ತದೆ.

ಈ ಸಂಚಿಕೆಯಲ್ಲಿ ನಮ್ಮ ಸೀಮೆಯ ದುಡಿಮೆಯ ಮಾತುಗಳ ಮೇಲೆ ಬರಹಗಳಿವೆ. ಓದಿ; ನಿಮ್ಮೂರಿನ ಹೊಲ, ಗಣಿ, ಗಾರೆಕೆಲಸದ ಮಾತುಗಳನ್ನು ನಮಗೆ ಬರೆದು ಕಳಿಸಿ. ಯಾರದಾದರೂ ಕೂಲಿ ನಿಮ್ಮ ಕಡೆ ಬಾಕಿ ಇದ್ದರೆ, ಮೊದಲು ಅದನ್ನು ಚುಕ್ತಾ ಮಾಡಿ.