ಮಾರ್ಚ್ ಲೆಕ್ಕ, ತೊಗರಿ ಲೆಕ್ಕ

ಸೇಡಂ ಸೀಮೆಯ ಸಿಮೆಂಟ್ ಕಾರ್ಖಾನೆಗಳು ಒಂದರ ಹಿಂದೊಂದು ಕೈ ಬದಲಾಯಿಸುತ್ತಿವೆ. ವಾಡಿಯ ಎಸಿಸಿ 2022ರಲ್ಲಿ ಅದಾನಿ ಸಮೂಹದ ಪಾಲಾಯಿತು. ಚಿತ್ತಾಪುರದ ಓರಿಯಂಟ್ 2025ರಲ್ಲಿ ಅದೇ ಸಮೂಹದ ಅಂಬುಜಾ ತೆಕ್ಕೆಗೆ ಬಿತ್ತು. ಸೇಡಂನ ವಾಸವದತ್ತಾ ಅದೇ ವರ್ಷ ಅಲ್ಟ್ರಾಟೆಕ್ ಸೇರಿತು. ಷೇರುಪೇಟೆಗೆ ಇದು ಒಂದು ದಿನದ ಸುದ್ದಿ. ಆದರೆ ಇಂಥ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣ ನಂಬಿದ ಸ್ವಯಂಸೇವಾ ಸಂಸ್ಥೆಗೆ ಧಣಿ ಬದಲಾದರೆ ಆದ್ಯತೆ, ಅಧಿಕಾರಿ, ಅರ್ಜಿಯ ನಮೂನೆ ಎಲ್ಲವೂ ಬದಲಾಗಬಹುದು. ಅದರ ಮೇಲೆ ಕಾನೂನಿನ ಬದಲಾವಣೆಗಳು ಬೇರೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಪಡೆದ ದೊಡ್ಡ ಸಂಸ್ಥೆ ಅದನ್ನು ಹಳ್ಳಿಯ ಸಣ್ಣ ಸಂಸ್ಥೆಗೆ ಹಂಚುವಂತಿಲ್ಲ. ಆ ಹಣದಲ್ಲಿ ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. 2021ರಿಂದ ಸಿಎಸ್‌ಆರ್ ಹಣ ಪಡೆಯಲು ಪ್ರತ್ಯೇಕ ನೋಂದಣಿ ಕಡ್ಡಾಯ.

ಇಷ್ಟೆಲ್ಲ ಬದಲಾದರೂ ಬದಲಾಗದ್ದು ಹಣ ಖರ್ಚು ಮಾಡಿ ಲೆಕ್ಕ ಒಪ್ಪಿಸುವ ಮಾರ್ಚ್ 31ರ ಗಡುವು. ಕೆಲಸವನ್ನು ಕೆಡಿಸುತ್ತಿರುವುದು ಬದಲಾವಣೆಗಿಂತ ಹೆಚ್ಚಾಗಿ ಈ ಗಡುವೇ ಎಂಬುದು ನನ್ನ ವಾದ. ಚಿಂಚೋಳಿಯ ತಾಂಡಾಗಳನ್ನೇ ನೋಡಿ. ಮಳೆಯಾಶ್ರಿತ ನೆಲ, ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್-ಜನವರಿಗೆ ರಾಶಿಯಾದರೆ ಆಮೇಲೆ ಕೈಗೆ ಕೆಲಸವಿಲ್ಲ. ಬಟ್ಟೆಬರೆ, ಪಾತ್ರೆ ಕಟ್ಟಿಕೊಂಡು ಮನೆಮಂದಿ ಹೈದರಾಬಾದ್, ಮುಂಬೈ ದಾರಿ ಹಿಡಿಯುತ್ತಾರೆ, ಜೊತೆಗೆ ಶಾಲೆಯ ಮಕ್ಕಳೂ. ಮಗುವನ್ನು ಊರಲ್ಲೇ ಉಳಿಸಿಕೊಳ್ಳಬೇಕಾದರೆ ದೀಪಾವಳಿಯ ಹೊತ್ತಿಗೇ ತಾಯಿ-ತಂದೆಯರ ಮನವೊಲಿಸಿ, ಆ ನಾಲ್ಕೈದು ತಿಂಗಳ ಊಟ-ವಸತಿ ಗೊತ್ತುಮಾಡಿರಬೇಕು. ಏಪ್ರಿಲ್ ನಂತರ ಮಂಜೂರಾತಿ, ಆಮೇಲೆ ಒಪ್ಪಂದ, ಆಮೇಲೆ ಕಂತು ಎಂಬ ಕ್ರಮದಲ್ಲಿ ಬರುವ ಹಣ ಈ ಕೆಲಸಕ್ಕೆ ಒದಗುವುದು ಕಷ್ಟ. ಮಕ್ಕಳು ಊರು ಬಿಟ್ಟಿರುವ ಮಾರ್ಚ್‌ನಲ್ಲಿ ವರದಿ ಬರೆಯುವ ತುರ್ತು! ಹೊಲಿಗೆ ಯಂತ್ರ, ಡೆಸ್ಕು, ಶುದ್ಧ ನೀರಿನ ಘಟಕಗಳ ಮೇಲೆ ಎಲ್ಲರಿಗೂ ಇರುವ ಮೋಹ ಇಲ್ಲಿ ಅರ್ಥವಾಗುತ್ತದೆ. ಅವನ್ನು ಎಣಿಸಬಹುದು, ಫೋಟೊ ಹಿಡಿಯಬಹುದು.

ಲೆಕ್ಕ ಕೇಳದಿದ್ದರೆ ಹೆಸರಿಗಷ್ಟೇ ಇರುವ ಸಂಸ್ಥೆಗಳು ಹಣ ನುಂಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನುಂಗುತ್ತವೆ, ಲೆಕ್ಕ ಕೇಳಲೇಬೇಕು. ಆದರೆ ಲೆಕ್ಕ ಕೇಳುವುದಕ್ಕೂ ವರ್ಷಕ್ಕೊಮ್ಮೆ ಕೆಲಸ ಕಡಿಯುವುದಕ್ಕೂ ಸಂಬಂಧವಿಲ್ಲ. ಆರಂಭದ ವರ್ಷ ಬಿಟ್ಟು ಮುಂದಿನ ಮೂರು ವರ್ಷದವರೆಗೆ ಯೋಜನೆ ನಡೆಸಲು ಸಿಎಸ್‌ಆರ್ ನಿಯಮವೇ ಅವಕಾಶ ಕೊಟ್ಟಿದೆ. ದೊಡ್ಡ ಸಮೂಹ ಬಂದರೆ ಥೈಲಿಯೂ ದೊಡ್ಡದಾಗುತ್ತದೆ ಎಂಬ ಇನ್ನೊಂದು ಮಾತಿದೆ. ಇರಬಹುದು. ಆದರೆ ಕಾನೂನು ಕೇಳುವುದು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು, ಅದೂ ದೊಡ್ಡ ಕಂಪನಿಗಳಿಂದ. ಶಹಾಬಾದ್‌ನ ಹಳೆಯ ಸಿಮೆಂಟ್ ಕಾರ್ಖಾನೆ ಎಂದೋ ಮುಚ್ಚಿತು. ಅಲ್ಲಿನ ಕಲ್ಲು ಪಾಲಿಶ್ ಘಟಕಗಳು ಈ ಕಾನೂನಿನ ಮಿತಿಗೆ ನಿಲುಕದಷ್ಟು ಸಣ್ಣವು. ಕಲ್ಲಿನ ಧೂಳು ಕುಡಿಯುವ ಕಾರ್ಮಿಕನ ಪಾಲಿಗೆ ಈ ಥೈಲಿ ಎಷ್ಟು ದೊಡ್ಡದಾದರೇನು?

ಧಣಿ ಯಾರಾದರೂ ಸುಣ್ಣದಕಲ್ಲು ಅಗೆಯುವುದಂತೂ ನಿಲ್ಲದು. 2015ರ ಗಣಿ ಕಾಯ್ದೆ ತಿದ್ದುಪಡಿಯಂತೆ ರಾಜಧನದ ಜೊತೆಗೆ ಕಂಪನಿಗಳು ಹಣ ಕಟ್ಟುವ ಜಿಲ್ಲಾ ಖನಿಜ ಪ್ರತಿಷ್ಠಾನವೂ ಕಾನೂನಿನ ಪ್ರಕಾರ ಲಾಭರಹಿತ ಸಂಸ್ಥೆಯೇ. ಕಂಪನಿಯ ಲಾಭ-ನಷ್ಟಕ್ಕೆ ಅಂಟಿಕೊಳ್ಳದ ಆ ನಿಧಿಯಿಂದ ಗಣಿಬಾಧಿತ ಹಳ್ಳಿ-ತಾಂಡಾಗಳ ಶಾಲೆ, ಆರೋಗ್ಯದ ಕೆಲಸಕ್ಕೆ ಸ್ವಯಂಸೇವಾ ಸಂಸ್ಥೆಗಳ ಜೊತೆ ನಾಲ್ಕು ವರ್ಷದ ಒಪ್ಪಂದ ಮಾಡಿಕೊಳ್ಳಲಿ. ಮೊದಲ ಕಂತು ತೊಗರಿ ಬಿತ್ತನೆಗೆ ಮುಂಚೆ ಬರಲಿ. ಲೆಕ್ಕಪತ್ರದ ಪರಿಶೀಲನೆ ಗ್ರಾಮಸಭೆಯ ಮುಂದೆ, ವಲಸೆ ಹೋದವರು ಮರಳಿದ ಮೇಲೆ ನಡೆಯಲಿ.