ಖ್ಮೇರ ಶಿಲ್ಪವೂ ಭಾರತೀಯರ ಅಭಿಮಾನವೂ

ಕಾಂಬೋಡಿಯಾ ದೇಶದ ರಾಜಧಾನಿಯಾದ ನೊಮ್ ಪೆನ್ ನಗರದಲ್ಲಿ ಅರಮನೆಯ ಮಗ್ಗುಲಿಗೆ, 1920ರಲ್ಲಿ ತೆರೆದ ವಸ್ತುಸಂಗ್ರಹಾಲಯವೊಂದುಂಟು. ಖ್ಮೇರ ಜನರ ಪ್ರಾಚೀನ ಶಿಲ್ಪಗಳಿಗೆ ಅದು ಭಂಡಾರ. ಭಾರತದಿಂದ ಹೋದ ಪ್ರವಾಸಿಗಳಲ್ಲಿ ಹಲವರು ಅಲ್ಲಿ ವಿಷ್ಣು, ಹರಿಹರ, ಗಣಪತಿಯರನ್ನು ಕಂಡೊಡನೆ “ಇದೆಲ್ಲ ನಮ್ಮದೇ; ಇದು ನಮ್ಮ ಹಿರಿಯರ ವಸಾಹತು” ಎಂದು ಹಿಗ್ಗುವರು. ಇದು ದೇಶಾಭಿಮಾನದಂತೆ ತೋರುವುದಾದರೂ, ಕಣ್ಣೆದುರಿನ ವಸ್ತುವನ್ನು ನೋಡದಿರುವುದಕ್ಕೆ ಹೂಡಿದ ನೆಪವಷ್ಟೆ.

ವಸಾಹತು ಎಂಬ ಮಾತಿಗೆ ಆಧಾರವೆಲ್ಲಿ? ಭಾರತದ ಅರಸನೊಬ್ಬನು ದಂಡೆತ್ತಿ ಹೋಗಿ ಆ ನಾಡನ್ನು ಗೆದ್ದು ಆಳಿದನೆಂಬುದಕ್ಕೆ ಸಾಕ್ಷ್ಯವಿಲ್ಲ. ಕಡಲನ್ನು ದಾಟಿ ಹೋದುವು ವ್ಯಾಪಾರ, ಮತ, ಲಿಪಿ, ಕಥೆಗಳು. ಆ ಲಿಪಿಯಿಂದ ಖ್ಮೇರರು ಕ್ರಿ.ಶ. 611ರಷ್ಟು ಹಿಂದೆಯೇ ತಮ್ಮ ನುಡಿಯನ್ನು ಕಲ್ಲಿನ ಮೇಲೆ ಕೆತ್ತಿಸಿದರು. ಅವರ ಶಾಸನಗಳಲ್ಲಿ ದೇವರ ಮತ್ತು ದೊರೆಯ ಸ್ತುತಿಗೆ ಸಂಸ್ಕೃತ. ಗದ್ದೆ, ಅಕ್ಕಿ, ಆಳುಗಳ ಲೆಕ್ಕಕ್ಕೆ ಖ್ಮೇರ. ಕನ್ನಡನಾಡಿನ ಶಾಸನಗಳನ್ನು ಬಲ್ಲವರಿಗೆ ಈ ಹಂಚಿಕೆ ಹೊಸತೆ?

“ಮಹಾಭಾರತವಿಲ್ಲದೆ ಅವರು ಏನನ್ನು ಕೆತ್ತುತ್ತಿದ್ದರು?” ಎಂದು ಕೇಳುವವರುಂಟು. 928ರಿಂದ 944ರ ವರೆಗೆ ಖ್ಮೇರರ ರಾಜಧಾನಿ ಕೋ ಕೆರ್. ಅಲ್ಲಿಯ ದೇಗುಲವೊಂದರಲ್ಲಿ ಗದೆಯೆತ್ತಿ ನೆಗೆಯುವ ದುರ್ಯೋಧನನೂ ಇದಿರು ನಿಂತ ಭೀಮನೂ, ಸುತ್ತ ಕುಳಿತು ನೋಡುವ ಪಾಂಡವರೂ ಬಲರಾಮನೂ ಬಿಡಿಬಿಡಿ ಪ್ರತಿಮೆಗಳಾಗಿ ಮೂಡಿದರು. ಅದೇ ಕಾಲದಲ್ಲಿ, 941ರಲ್ಲಿ, ಪಂಪನು ಅದೇ ಭಾರತಕಥೆಯನ್ನು ಕನ್ನಡದಲ್ಲಿ ಹೇಳಿದನು. ಕಥೆ ವ್ಯಾಸರದೆಂದು ಪಂಪನ ಕಾವ್ಯವನ್ನು ಸಂಸ್ಕೃತದ ವಸಾಹತೆಂದು ಯಾವ ಕನ್ನಡಿಗನು ಒಪ್ಪುವನು? ತನ್ನ ಕವಿಗೆ ಸಲ್ಲಿಸುವ ನ್ಯಾಯವನ್ನು ಖ್ಮೇರ ಶಿಲ್ಪಿಗೆ ಸಲ್ಲಿಸದಿರುವುದು ಪಕ್ಷಪಾತವಲ್ಲದೆ ಮತ್ತೇನು?

ಅದೇ ಆಲಯದಲ್ಲಿ ಏಳನೆಯ ಜಯವರ್ಮನ ಶಿಲಾಪ್ರತಿಮೆಯೂ ಇದೆ. 1181ರಲ್ಲಿ ಪಟ್ಟವೇರಿದ ಆ ಚಕ್ರವರ್ತಿಗೆ ಅಲ್ಲಿ ಕಿರೀಟವಿಲ್ಲ, ಆಭರಣವಿಲ್ಲ. ತುಂಬಿದ ಮೈ, ಬಾಗಿದ ತಲೆ, ಮುಚ್ಚಿದ ಕಣ್ಣು, ತುಟಿಯಲ್ಲಿ ಸಣ್ಣ ನಗೆ. ಧ್ಯಾನದ ಕಲ್ಪನೆ ಭಾರತದಿಂದ ಹೋಗಿರಬಹುದು. ಆ ಮುಖವು ಹೋದುದಲ್ಲ. ಅದನ್ನು ಕಂಡವನು ಆ ನೆಲದ ಕುಶಲಿ.

ಬೀಜವನ್ನು ಕೊಟ್ಟವನಿಗೆ ಕೃತಜ್ಞತೆ ಸಲ್ಲಬೇಕು. ಬೆಳೆಯೆಲ್ಲ ತನ್ನದೆಂದು ಅವನು ಕಣದಲ್ಲಿ ಬಂದು ನಿಲ್ಲುವುದು ಸಲ್ಲದು. ಕೋ ಕೆರಿನ ಆ ದುರ್ಯೋಧನನನ್ನೂ ಭೀಮನನ್ನೂ ಕಳ್ಳರು ಕಣಕಾಲಿನಲ್ಲಿ ಮುರಿದು ಒಯ್ದರು. ಅಮೆರಿಕವನ್ನು ಸೇರಿದ್ದ ಅವರಿಬ್ಬರೂ 2014ರಲ್ಲಿ ಮರಳಿ ಬಂದರು. ಅವರು ಯಾರ ಸೊತ್ತೆಂಬುದಕ್ಕೆ ಸಾಕ್ಷಿಯಾಗಿ ಅವರ ಪಾದಗಳು ಕಾಂಬೋಡಿಯಾದ ನೆಲದಲ್ಲಿಯೇ ಉಳಿದಿದ್ದುವು.